ಡ್ರಿಲ್ ಮೇಷ್ಟ್ರ ಕಮಂಡಲ

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮೈಕ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಜಯನಗರದ ಆ ಹೆಣ್ಣುಮಕ್ಕಳ ಹೈಸ್ಕೂಲಿನ ಮೈದಾನ ಅಷ್ಟೇನೂ ದೊಡ್ಡದಲ್ಲ. ಆದರೂ ಅವರು ‘ಸಾವಧಾನ್’ ಎಂದರೆ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನ ಆಚೆ ಕಡಲೆಕಾಯಿ ಮಾರುವವನೂ ಬೆನ್ನು ನೆಟ್ಟಗೆ ಮಾಡುತ್ತಿದ್ದ. ಒಂದು ಸ್ವಾತಂತ್ರ್ಯ ದಿನಾಚರಣೆಗೆ ಬಂದಿದ್ದ ಮುಖ್ಯ ಅತಿಥಿಗಳು ಭಾಷಣ ಮುಗಿಸಿ ಕಾರಿನ ಬಾಗಿಲಿಗೆ ಕೈ ಹಾಕಿದ್ದರು. ಅಷ್ಟರಲ್ಲಿ ಇವರ ಕೂಗು ಬಂತು. ಪಾಪ, ಅವರು ‘ವಿಶ್ರಾಮ್’ ಕೇಳಿಸುವವರೆಗೂ ಬಾಗಿಲು ಹಿಡಿದುಕೊಂಡೇ ನಿಂತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರೇ ಕಡಿಮೆ. ನಮಗೆ ಅವರು ಮೇಷ್ಟ್ರು, ಮಕ್ಕಳಿಗೆ ಪಿ.ಟಿ. ಸಾರ್, ಮನೆಯಲ್ಲಿ ಹೆಂಡತಿ ನೀಲಮ್ಮನಿಗೂ ‘ನಮ್ಮ ಮಾಸ್ತರ್ರು’. ಬಾಗಲಕೋಟೆ ಕಡೆಯ ಒಂದು ಹಳ್ಳಿಯಿಂದ ಬಂದವರು. ಬಿಟಿಎಂ ಬಡಾವಣೆಯಲ್ಲಿ ಒಂದು ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ಯಾರಾದರೂ ಆ ವಿಷಯ ಎತ್ತಿದರೆ ನೀಲಮ್ಮ ನಕ್ಕು, “ಸಾಲಿ ತುಂಬ ಅದಾವಲ್ರಿ” ಎಂದುಬಿಡುತ್ತಿದ್ದರು.

ನಾನು ಅದೇ ಶಾಲೆಯಲ್ಲಿ ವಿಜ್ಞಾನದ ಟೀಚರ್. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಮಧ್ಯಾಹ್ನ ಅವರ ಡಬ್ಬಿ ತೆರೆದರೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನನ್ನದು ಚಿತ್ರಾನ್ನವೋ ಮೊಸರನ್ನವೋ. “ಮೇಡಮ್ಮಾರ, ಇದನ್ನ ತಿಂದು ನೀವು ಸಂಜೀತನಕ ಹೆಂಗ ನಿಲ್ತೀರಿ?” ಎಂದು ನಿಜವಾಗಿಯೂ ಕಳವಳಪಟ್ಟು ಒಂದು ರೊಟ್ಟಿ ಮುರಿದು ನನ್ನ ಮುಚ್ಚಳಕ್ಕೆ ಹಾಕುತ್ತಿದ್ದರು. ಬೇಡ ಎಂದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಮೈದಾನದ ಆ ಕೊನೆಯ ಪಿಸುಮಾತು ಕೇಳುವ ಕಿವಿಗೆ, ಪಕ್ಕದಲ್ಲಿ ಕುಳಿತವರ ‘ಬೇಡ’ ಮಾತ್ರ ಕೇಳಿಸುತ್ತಿರಲಿಲ್ಲ.

ಅವರ ಜೀವ ಇದ್ದದ್ದು ಖೋ ಖೋ ಆಟದಲ್ಲಿ. ಅವರು ಬರುವ ಮೊದಲು ನಮ್ಮ ಹುಡುಗಿಯರಿಗೆ ಪಿ.ಟಿ. ಅಂದರೆ ಮರದ ಕೆಳಗೆ ಕುಳಿತು ಹರಟುವ ಪೀರಿಯಡ್. ಅವರು ಬಂದು ಎರಡು ಕಂಬ ನೆಟ್ಟರು, ಸುಣ್ಣದ ಗೆರೆ ಎಳೆದರು, ಹುಡುಗಿಯರನ್ನು ಓಡಿಸಿದರು. “ಬೆನ್ನು ಮುಟ್ಟಿ ಖೋ ಅನ್ನಬೇಕವ್ವಾ. ದೂರ ನಿಂತು ಕೂಗಿದ್ರ ಅದು ಖೋ ಅಲ್ಲ, ಬರೇ ಗದ್ಲ” ಎನ್ನುವುದು ಅವರು ದಿನವೂ ಹೇಳುತ್ತಿದ್ದ ಮಾತು. ಪಿ.ಟಿ. ಶುರುವಾಗುವ ಮೊದಲು ಇನ್ನೊಂದು ಮಾತು ತಪ್ಪದೆ ಹೇಳುತ್ತಿದ್ದರು: “ಯಾರಿಗೆ ಇವತ್ತ ಓಡಾಕ ಆಗಂಗಿಲ್ಲೋ ಅವ್ರು ಬೇವಿನ ಗಿಡದ ಕೆಳಗ ಕುಂದರ್ರಿ. ಯಾಕ ಅಂತ ನಾ ಕೇಳಂಗಿಲ್ಲ, ನೀವು ಹೇಳೂದು ಬ್ಯಾಡ.” ಆ ಕಾಲದಲ್ಲಿ ಒಬ್ಬ ಗಂಡಸು ಮೇಷ್ಟ್ರು, ಬೆಳೆಯುವ ಹೆಣ್ಣುಮಕ್ಕಳ ಕಷ್ಟವನ್ನು ಇಷ್ಟು ಸುಲಭವಾಗಿ, ಯಾರ ತಲೆಯೂ ತಗ್ಗದ ಹಾಗೆ ದಾಟಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಂಡದ ನಾಯಕಿ ಮಂಜುಳಾ. ಬನಶಂಕರಿಯ ಹುಡುಗಿ, ಕಾಲಲ್ಲಿ ಗಾಳಿ ಕಟ್ಟಿಕೊಂಡವಳ ಹಾಗೆ ಓಡುತ್ತಿದ್ದಳು. ಒಮ್ಮೆ ಅವಳ ತಾಯಿ ಶಾಲೆಗೇ ಬಂದುಬಿಟ್ಟರು. “ಆಟ ಸಾಕು ಸಾರ್. ಬಿಸಿಲಲ್ಲಿ ಸುಟ್ಟು ಕರಿಕಲಾಗಿದಾಳೆ. ನಾಳೆ ಇವಳನ್ನ ಯಾರು ಮದುವೆ ಮಾಡ್ಕೋತಾರೆ?”

ಮೇಷ್ಟ್ರು ಆಕೆಯನ್ನು ಕುರ್ಚಿ ಹಾಕಿ ಮೈದಾನದ ಅಂಚಿಗೆ ಕೂರಿಸಿದರು. ಮಂಜುಳಾಳನ್ನು ಓಡಲು ಬಿಟ್ಟರು. ಇಡೀ ತಂಡ ಬೆನ್ನಟ್ಟಿದರೂ ಅವಳು ಸಿಗಲಿಲ್ಲ. ಆಗ ಹೇಳಿದರು, “ನೋಡ್ರಿ ತಾಯಿ, ಇಕಿನ್ನ ಹಿಡಿಯಾಕ ಬರುವಂಥಾ ಗಂಡು ಸಿಕ್ಕ ದಿನ ನಾನ ಮುಂದ ನಿಂತು ಲಗ್ನಾ ಮಾಡಸ್ತೀನಿ. ಅಲ್ಲೀತನಕ ಓಡ್ಲಿ ಬಿಡ್ರಿ.” ಆ ತಾಯಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮಾರನೆಯ ದಿನದಿಂದ ಮಗಳ ಜೊತೆ ನಿಂಬೆಹಣ್ಣಿನ ಪಾನಕ ಕಳಿಸತೊಡಗಿದರು.

ಇಂಥ ಮನುಷ್ಯನಿಗೆ ಒಂದೇ ಒಂದು ಗುಟ್ಟಿತ್ತು, ಮೊಣಕಾಲು ನೋವು. ಹರೆಯದಲ್ಲಿ ಆಡುವಾಗ ತಿರುಚಿದ ಕಾಲು ಅದು. ಮಕ್ಕಳೆದುರು ಕುಂಟಬಾರದೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಚಹಾದ ಜೊತೆ ನುಂಗುತ್ತಿದ್ದರು. ಶನಿವಾರ ಹನುಮಪ್ಪನ ಉಪವಾಸ. ಅವತ್ತೂ ಮಾತ್ರೆ ತಪ್ಪುತ್ತಿರಲಿಲ್ಲ.

“ಖಾಲಿ ಹೊಟ್ಟೇಲಿ ಅದನ್ನ ತಗೋಬೇಡಿ ಮೇಷ್ಟ್ರೇ, ಹೊಟ್ಟೆ ಹುಣ್ಣಾಗುತ್ತೆ” ಎಂದು ನಾನು ಎಷ್ಟೋ ಸಲ ಹೇಳಿದ್ದೆ.

“ಕೆಂಪು ಖಾರಾ ತಿಂದ ಹೊಟ್ಟಿರಿ ಇದು. ಒಂದು ಗುಳಿಗಿಗೆ ಅಂಜತೈತೇನು?”

ಅದೊಂದು ಶನಿವಾರ ಬೆಳಗ್ಗೆ ಅಭ್ಯಾಸ ನಡೆದಿತ್ತು. ಅಂತರಶಾಲಾ ಪಂದ್ಯ ಹತ್ತಿರ ಬರುತ್ತಿತ್ತು. ನಾನು ಲ್ಯಾಬಿನ ಕಿಟಕಿಯಲ್ಲಿದ್ದೆ. ಮೇಷ್ಟ್ರು ವಿಶಲ್ ಊದಲು ಉಸಿರೆಳೆದವರು ಹಾಗೆಯೇ ಮಂಡಿಯೂರಿ ಕುಳಿತರು. ಹುಡುಗಿಯರು, ಸಾರ್ ಕೂರುವ ಭಂಗಿ ತೋರಿಸುತ್ತಿದ್ದಾರೆ ಎಂದುಕೊಂಡು ತಾವೂ ಸಾಲಾಗಿ ಹಾಗೇ ಕುಳಿತರು. ಅವರು ಮುಂದಕ್ಕೆ ಮುಗ್ಗರಿಸಿದಾಗ ಮಂಜುಳಾ ಕಿರುಚಿದಳು.

ಆಟೋದಲ್ಲಿ ನಾನೂ ನಮ್ಮ ಅಟೆಂಡರೂ ಅವರನ್ನು ಹಿಡಿದು ಕೂತೆವು. ಹೊಟ್ಟೆ ಮುಟ್ಟಿದರೆ ಹಲಗೆ ಮುಟ್ಟಿದ ಹಾಗಿತ್ತು. ಹತ್ತಿರದಲ್ಲೇ ಇದ್ದ ನರ್ಸಿಂಗ್ ಹೋಮಿನ ಸರ್ಜನ್ ನೋಡಿದ ಕೂಡಲೇ ಹೇಳಿದರು, ಕರುಳಿನ ಶುರುವಿನಲ್ಲಿ ಹುಣ್ಣು ಒಡೆದು ತೂತಾಗಿದೆ, ಈಗಲೇ ಆಪರೇಷನ್ ಆಗಬೇಕು ಎಂದು. ಸರ್ಜನ್ ಇನ್ನೂ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಅವರ ತಂಗಿ ನಮ್ಮ ಶಾಲೆಯಲ್ಲೇ ಓದಿದವಳಂತೆ. “ಪಿ.ಟಿ. ಸಾರಾ?” ಎಂದವರೇ ಬೇಗ ಬೇಗ ಒಳಗೆ ಹೋದರು.

ಆಪರೇಷನ್ ಚೆನ್ನಾಗಿ ಆಯಿತು. ಎರಡನೆಯ ದಿನ ನಾನು ಹೋದಾಗ ಮೇಷ್ಟ್ರು ಮೂಗಿನಲ್ಲೊಂದು ನಳಿಕೆ, ಕೈಯಲ್ಲೊಂದು ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ಹೊಟ್ಟೆಯ ಬಲಗಡೆ, ಹೊಲಿಗೆಯಿಂದ ದೂರದಲ್ಲಿ ಇನ್ನೊಂದು ಸಣ್ಣ ತೂತು ಮಾಡಿ ಅಲ್ಲಿಂದ ಒಂದು ರಬ್ಬರ್ ನಳಿಕೆ ಹೊರಗೆ ತಂದಿದ್ದರು. ಡ್ರೈನ್ ಅನ್ನುತ್ತಾರೆ ಅದನ್ನು. ಒಳಗೆ ಕೆಟ್ಟ ನೀರು ನಿಲ್ಲದೆ ಅದರ ಮೂಲಕ ಹೊರಗಿನ ಚೀಲಕ್ಕೆ ಇಳಿಯಬೇಕು. ಮಂಚದ ಪಕ್ಕ ನೇತಾಡುತ್ತಿದ್ದ ಚೀಲದ ತಳದಲ್ಲಿ ಕೆಂಪು ಬೆರೆತ ನೀರಿತ್ತು.

“ನೋಡ್ರಿ ಮೇಡಮ್ಮಾರ,” ಎಂದರು ಮೇಷ್ಟ್ರು, ತೇಲಿದ ದನಿಯಲ್ಲಿ. “ಸನ್ಯಾಸಿ ಆಗಿಬಿಟ್ಟೆ. ಕಮಂಡಲ ಸಿಕ್ಕೈತಿ. ಕಾವಿ ಒಂದು ಬಾಕಿ.”

ಅಲ್ಲಿಂದ ಆ ಚೀಲಕ್ಕೆ ಕಮಂಡಲ ಎಂದೇ ಹೆಸರಾಯಿತು. ನರ್ಸುಗಳೂ “ಸಾರ್, ನಿಮ್ಮ ಕಮಂಡಲ ಖಾಲಿ ಮಾಡ್ಲಾ?” ಎಂದು ಕೇಳತೊಡಗಿದರು. ಮೇಷ್ಟ್ರು ನನ್ನ ಕೈಲಿ ಪೇಪರಿನ ಅಂಚಿನ ಮೇಲೆ ಹೊಟ್ಟೆಯ ಚಿತ್ರ ಬರೆಸಿಕೊಂಡರು. ಜಠರ, ಕರುಳಿನ ಮೊದಲ ತಿರುವು, ಅಲ್ಲೊಂದು ಚುಕ್ಕಿ, ಆ ಚುಕ್ಕಿಯ ಪಕ್ಕಕ್ಕೆ ಬಂದು ನಿಂತ ನಳಿಕೆ. ಬಹಳ ಹೊತ್ತು ನೋಡಿ, “ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಗದ್ಲೇನ್ರಿ?” ಎಂದರು.

ದಿನ ಕಳೆದಂತೆ ಚೀಲಕ್ಕೆ ಬೀಳುವುದು ಕಡಿಮೆಯಾಯಿತು. ಒಂದು ಬೆಳಗ್ಗೆ ಏನೂ ಬಿದ್ದಿರಲಿಲ್ಲ. ನೀಲಮ್ಮನ ಸಂತೋಷ ಹೇಳತೀರದು. ಓಡಿಹೋಗಿ ಹತ್ತಿರದ ಗಣೇಶನ ಗುಡಿಯಲ್ಲಿ ಕಾಯಿ ಒಡೆಸಿ ಬಂದರು. ಶಾಲೆಗೆ ಫೋನ್ ಮಾಡಿ, “ಅಕ್ಕಾರ, ಕಮಂಡಲ ಒಣಗೈತ್ರಿ!” ಎಂದರು. ಸ್ಟಾಫ್ ರೂಮಿನಲ್ಲಿ ಯಾರೋ ಪೇಡ ತರಿಸಿದರು. ಖಾಲಿ ಚೀಲ ಅಂದರೆ ಗುಣವಾದ ಹೊಟ್ಟೆ ಎಂದಲ್ಲದೆ ಬೇರೇನೆಂದು ತಾನೇ ಯಾರು ತಿಳಿಯುತ್ತಾರೆ?

ಅವತ್ತು ಸಂಜೆ ತಂಡದ ಹುಡುಗಿಯರನ್ನು ಕರೆದುಕೊಂಡು ನೋಡಲು ಹೋದೆ. ಮೇಷ್ಟ್ರಿಗೆ ಬಿಕ್ಕಳಿಕೆ ಹಿಡಿದಿತ್ತು. ಹುಡುಗಿಯರಿಗೆ ಅದೇ ಒಂದು ಆಟವಾಯಿತು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ, ಸರಿಯಾದ ಹೆಸರು ಹೇಳಿದರೆ ನಿಲ್ಲುತ್ತದೆ ಎಂದು ಒಬ್ಬೊಬ್ಬಳೂ ಒಂದೊಂದು ಹೆಸರು ಹೇಳತೊಡಗಿದಳು.

“ಹೆಡ್ಮಿಸ್ಸು ಸಾರ್!”

ಬಿಕ್ಕಳಿಕೆ ನಿಲ್ಲಲಿಲ್ಲ.

“ಕಡಲೆಕಾಯಿ ಅಂಕಲ್ಲು!”

ಇಲ್ಲ.

“ನಮ್ಮಮ್ಮ ಸಾರ್, ದಿನಾ ಕೇಳ್ತಾರೆ” ಎಂದಳು ಮಂಜುಳಾ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಬಿಕ್ಕುತ್ತಿದ್ದರು, ಮತ್ತೆ ನಗುತ್ತಿದ್ದರು. “ಎಲ್ಲಾರೂ ಒಮ್ಮಿಗೇ ನೆನಸಾಕತ್ತಾರವ್ವಾ. ಸಾಲು ಹಚ್ಚಿ ನಿಲ್ಲಸ್ರಿ ಅವ್ರನ್ನ!” ಎಂದರು. ಆ ಕೋಣೆಯಲ್ಲಿ ನಾವು ಅಷ್ಟು ನಕ್ಕಿದ್ದೇ ಕೊನೆ.

ಬಿಕ್ಕಳಿಕೆ ಮಾರನೆಯ ದಿನವೂ ನಿಲ್ಲಲಿಲ್ಲ. ಸಂಜೆಗೆ ಚಳಿ ಹಿಡಿದು ಮಂಚವೇ ಅಲುಗುವಂತೆ ನಡುಗಿದರು. ಸರ್ಜನ್ ಬಂದು ಚೀಲ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಮುಖ ಬಾಡಿತು. ಸ್ಕ್ಯಾನಿಂಗ್ ಮಾಡಿಸಿ ಬಂದು ನೀಲಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು.

“ತೂತಿಗೆ ಹಾಕಿದ್ದ ಹೊಲಿಗೆ ಸ್ವಲ್ಪ ಬಿಟ್ಕೊಂಡಿದೆ ಅಮ್ಮಾ. ಒಳಗಡೆ ಸೋರ್ತಾ ಇದೆ. ಸೋರಿದ್ರೆ ನಳಿಕೇಲಿ ಬರಬೇಕಿತ್ತು. ಆದ್ರೆ ನಳಿಕೆ ಬಾಯಿಗೆ ಹೊಟ್ಟೆಯೊಳಗಿನ ಕೊಬ್ಬು ಬಂದು ಮುಚ್ಕೊಂಡುಬಿಟ್ಟಿದೆ. ಅದಕ್ಕೇ ಚೀಲ ಖಾಲಿ. ಎಲ್ಲಾ ಮೇಲಕ್ಕೆ ಹೋಗಿ ಎದೆ ಕೆಳಗಿನ ಪರದೆ ಹತ್ರ ಕೀವಾಗಿದೆ. ಬಿಕ್ಕಳಿಕೆ ಅದರದ್ದು.”

ನೀಲಮ್ಮ ಅವರ ಮುಖವನ್ನೇ ನೋಡುತ್ತಿದ್ದರು. “ಹಂಗಾರ ನಾ ಕಾಯಿ ಒಡಿಸಿದ್ದು...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಎರಡನೆಯ ಸಲ ಹೊಟ್ಟೆ ತೆರೆದು ತೊಳೆದರು. ಈ ಸಲ ಇನ್ನೂ ದಪ್ಪದ ನಳಿಕೆ ಇಟ್ಟರು. ಜೀವ ಉಳಿಯಿತು. ಆದರೆ ಹೊಲಿಗೆ ಹಾಕಿದ ಜಾಗ ಪೂರ್ತಿ ಕೂಡಿಕೊಳ್ಳಲಿಲ್ಲ. ಹಳದಿ ಹಸಿರು ಪಿತ್ತ ಒಂದೇ ಸಮನೆ ನಳಿಕೆಯಲ್ಲಿ ಇಳಿಯತೊಡಗಿತು. ತಾನಾಗಿ ಮುಚ್ಚಿಕೊಳ್ಳುವವರೆಗೆ ಕಾಯಬೇಕು, ಅಲ್ಲಿಯವರೆಗೆ ನಳಿಕೆ ಇರಲೇಬೇಕು ಎಂದರು ಸರ್ಜನ್. ಕೆಲವು ವಾರಗಳ ನಂತರ ಮೇಷ್ಟ್ರು ಕಮಂಡಲದ ಸಮೇತ ಬಿಟಿಎಂನ ಮನೆಗೆ ಬಂದರು.

ಆ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಅನ್ನವನ್ನು ಅರಗಿಸುವ ರಸ ಚರ್ಮದ ಮೇಲೆ ಬಿದ್ದರೆ ಚರ್ಮವನ್ನೂ ಬಿಡುವುದಿಲ್ಲ. ಇದನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ಅಲ್ಲಿ. ನಳಿಕೆಯ ಪಕ್ಕದಿಂದ ಜಿನುಗಿದ ಪಿತ್ತ ಹೊಟ್ಟೆಯ ಬಲಭಾಗವನ್ನು ಸುಟ್ಟು ಹಸಿ ಮಾಡಿತ್ತು. ನೀಲಮ್ಮ ಹತ್ತಿಯಲ್ಲಿ ಒರೆಸಿ ಬಿಳಿ ಮುಲಾಮು ಹಚ್ಚುವಾಗ ಮೇಷ್ಟ್ರು ಗೋಡೆಗೆ ಮುಖ ತಿರುಗಿಸಿ ಹಲ್ಲು ಕಚ್ಚಿ ಎಣಿಸುತ್ತಿದ್ದರು. “ಏಕ್... ದೋ... ತೀನ್... ಚಾರ್...” ಮಕ್ಕಳಿಗೆ ಕವಾಯತು ಮಾಡಿಸುವ ಅದೇ ಲಯ. ನೋವು ಹೆಚ್ಚಾದಾಗ ‘ತೀನ್’ ಮತ್ತು ‘ಚಾರ್’ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನೀಲಮ್ಮನ ಕೈ ಅಲ್ಲಿ ನಿಲ್ಲುತ್ತಿತ್ತು, ‘ಚಾರ್’ ಬಂದ ಮೇಲೆಯೇ ಮುಂದುವರಿಯುತ್ತಿತ್ತು.

ಒಮ್ಮೆ ಆಕೆ ಒಳಗೆ ಹೋದಾಗ ಅವರು ನನಗೆ ಹೇಳಿದರು, “ಮೇಡಮ್ಮಾರ, ನನ್ನ ಮೈ ನಾರತೈತಿ. ಇಕಿ ಒಮ್ಮಿನೂ ಮೂಗು ಮುಚ್ಚಿಲ್ಲರಿ. ಮುಚ್ಚಿದ್ರ ನನಗ ಎಷ್ಟೋ ಹಗುರ ಆಗತಿತ್ತು.”

ಅವರ ಗಡ್ಡ ಬೆಳೆದಿತ್ತು, ತೋಳು ಸೊರಗಿದ್ದವು. ತಿಂದದ್ದು ಮೈಗೆ ಹತ್ತುವ ಮೊದಲೇ ಸೋರಿಹೋಗುತ್ತಿತ್ತು. ಆದರೂ ನನಗಾಗಿ ಪಕ್ಕಕ್ಕೆ ಸರಿದು ಕುರ್ಚಿಗೆ ಜಾಗ ಮಾಡಿ, “ತಂಡ ಹೆಂಗೈತಿ ಹೇಳ್ರಿ” ಎಂದರು.

ಅಂತರಶಾಲಾ ಪಂದ್ಯ ಬನಶಂಕರಿಯ ಒಂದು ಮೈದಾನದಲ್ಲಿತ್ತು. ನಮ್ಮವರು ಫೈನಲ್ ತಲುಪಿದ ಸುದ್ದಿ ಕೇಳಿದ ಮೇಲೆ ಮೇಷ್ಟ್ರನ್ನು ಹಿಡಿಯುವುದು ಯಾರಿಂದಲೂ ಆಗಲಿಲ್ಲ. ಸರ್ಜನ್ ಕೂಡ, “ಹೋಗಿ ಬನ್ನಿ ಸಾರ್, ಆದ್ರೆ ಕೂಗಬೇಡಿ. ಹೊಟ್ಟೆ ಬಿಗಿ ಹಿಡಿದ್ರೆ ಕಷ್ಟ” ಎಂದು ಒಪ್ಪಿದರು. ನೀಲಮ್ಮ ಅವರ ಹಳೆಯ ಟ್ರ್ಯಾಕ್ ಪ್ಯಾಂಟನ್ನು ಕತ್ತರಿಸಿ ಕಮಂಡಲಕ್ಕೊಂದು ಹೆಗಲಚೀಲ ಹೊಲಿದರು. ನಾನು ಆಟೋದಲ್ಲಿ ಕರೆದುಕೊಂಡು ಹೋದೆ. ಹೊಂಗೆಮರದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ನಮ್ಮ ಹುಡುಗಿಯರು ಆಟ ಶುರುವಾಗುವ ಮೊದಲು ಅವರ ಕಡೆ ನೋಡಿದರು. ಗುರುತು ಹಿಡಿಯಲು ಅವರಿಗೂ ಒಂದು ಗಳಿಗೆ ಬೇಕಾಯಿತು.

ಆಟದುದ್ದಕ್ಕೂ ಅವರು ಕೂಗಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಕುರ್ಚಿಯ ಹಿಡಿಯ ಮೇಲೆ. ಎದುರಾಳಿ ಶಾಲೆಯ ಮೇಷ್ಟ್ರು ಗಂಟಲು ಹರಿಯುವಂತೆ ಅರಚುತ್ತಿದ್ದರು. ಕೊನೆಯ ನಿಮಿಷದವರೆಗೂ ಸಮ ಸಮ ಇತ್ತು. ಕಂಬದ ಹತ್ತಿರ ಗರ್ರನೆ ತಿರುಗಿ ಒಮ್ಮೆ ತಪ್ಪಿಸಿಕೊಂಡರೂ ಮಂಜುಳಾ ಕೊನೆಗೆ ಸಿಕ್ಕಿಬಿದ್ದಳು. ಒಂದೇ ಅಂಕದಲ್ಲಿ ಸೋತೆವು.

ಅವಳು ಅಳುತ್ತಾ ಓಡಿಬಂದು ಅವರ ಕಾಲ ಬಳಿ ಕುಸಿದಳು. “ನೀವು ಒಂದ್ಸಲ ಕೂಗಿದ್ರೆ ಗೆಲ್ತಿದ್ವಿ ಸಾರ್. ಒಂದೇ ಒಂದ್ಸಲ.”

“ಹಂಗಂದ್ರ ಇಷ್ಟು ದಿನ ನಾ ನಿಮಗ ಕಲಿಸಿದ್ದು ಬರೇ ನನ್ನ ಧ್ವನಿ ಕೇಳೂದೇನವ್ವಾ?” ಎಂದರು ಮೇಷ್ಟ್ರು. “ಅಳಬ್ಯಾಡ. ಕಡೀಕ ಆ ಕಂಬದ ಹಂತೇಕ ಹೊಳ್ಳಿದೆಲ್ಲ ನೀ, ಅದನ್ನ ನೋಡಾಕ ಬಂದಿದ್ದೆ. ನೋಡಿದೆ. ನನಗ ಅಷ್ಟ ಸಾಕು.”

ಆಟೋದಲ್ಲಿ ವಾಪಸು ಹೊರಟೆವು. ಜಯನಗರ ದಾಟುವಾಗ ಹೊರಗೆ ನೋಡುತ್ತಲೇ ಹೇಳಿದರು, “ಬಾಯಿತನಕ ಬಂದಿತ್ರಿ ಮೇಡಮ್ಮಾರ. ಹೊಟ್ಟಿ ಹಿಡಕೊಂಡು ನುಂಗಿದೆ.” ಆಮೇಲೆ ಅತ್ತರು. ಆ ಎದೆಗೆ ಅಳುವುದೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ಆಟೋ ಡ್ರೈವರ್ ಹಿಂತಿರುಗಿ, “ನೀರು ಬೇಕಾ ಸಾರ್?” ಎಂದು ಕೇಳಿದ.

ಅದಾದ ಮೇಲೆ ನಿಜಕ್ಕೂ ಚೇತರಿಸಿಕೊಳ್ಳತೊಡಗಿದರು. ಪಿತ್ತ ಕಡಿಮೆಯಾಯಿತು, ಸುಟ್ಟ ಚರ್ಮ ಒಣಗುತ್ತಾ ಬಂತು. ಹಿಂದೊಮ್ಮೆ ಮೋಸಹೋಗಿದ್ದ ಸರ್ಜನ್ ಈ ಸಲ ಖಾಲಿ ಚೀಲವನ್ನು ನಂಬದೆ ಮತ್ತೆ ಸ್ಕ್ಯಾನ್ ಮಾಡಿಸಿದರು. ಒಳಗೆಲ್ಲೂ ನೀರು ನಿಂತಿರಲಿಲ್ಲ. ಮುಂದಿನ ವಾರದಿಂದ ನಳಿಕೆಯನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಎಳೆಯೋಣ ಎಂದರು. ನೀಲಮ್ಮ ಈ ಸಲ ಕಾಯಿ ಒಡೆಸಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಸಂತೋಷಪಟ್ಟರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಹೆದರಿದ್ದರು.

ಆ ವಾರ ಮುಗಿಯುವ ಮೊದಲೇ ಒಂದು ಬೆಳಗ್ಗೆ ನಳಿಕೆಯಲ್ಲಿ ರಕ್ತ ಕಾಣಿಸಿತು. ಹೆಚ್ಚೇನಲ್ಲ, ಒಂದು ಎಳೆಯಷ್ಟು. ತಾನಾಗಿ ನಿಂತೂಹೋಯಿತು. ಮೇಷ್ಟ್ರು, “ನಿನ್ನಿ ಬೀಟ್ರೂಟ್ ಪಲ್ಯ ತಿಂದಿದ್ದೆ, ಅದನ ಇರಬೇಕು” ಎಂದರಂತೆ. ನೀಲಮ್ಮ ಒಪ್ಪಲಿಲ್ಲ. ಕೂಡಲೇ ನರ್ಸಿಂಗ್ ಹೋಮಿಗೆ ಕರೆತಂದು ನನಗೆ ಫೋನ್ ಮಾಡಿದರು. ಸರ್ಜನ್ ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

“ಟೀಚರ್, ನಳಿಕೆ ಇಷ್ಟು ದಿನ ಒಂದೇ ಕಡೆ ಒತ್ತಿಕೊಂಡು ಕೂತಿತ್ತು. ಪಿತ್ತ, ಕೀವು ಬೇರೆ. ಪಕ್ಕದ ರಕ್ತನಾಳ ಸವೆದಿದೆ ಅನ್ಸುತ್ತೆ. ಮೊದಲು ಹೀಗೆ ಸ್ವಲ್ಪ ಬಂದು ನಿಲ್ಲುತ್ತೆ. ಅದು ಎಚ್ಚರಿಕೆ. ಎರಡನೇ ಸಲ ಹೀಗೆ ಸ್ವಲ್ಪ ಬರಲ್ಲ, ಒಮ್ಮೆಲೇ ನುಗ್ಗುತ್ತೆ. ಅಷ್ಟರೊಳಗೆ ಹೊಟ್ಟೆ ತೆರೀಬೇಕು. ರಕ್ತ ಬೇಕು, ಬೇಗ.”

“ನಳಿಕೆ ಮೊದಲೇ ತೆಗೆದುಬಿಟ್ಟಿದ್ರೆ ಡಾಕ್ಟ್ರೇ?”

“ಪಿತ್ತ ಒಳಗೇ ನಿಂತು ಹೋದ ಸಲದ ಹಾಗೇ ಆಗ್ತಿತ್ತು.” ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಅವರನ್ನ ಇಲ್ಲೀತನಕ ಉಳಿಸಿದ್ದೇ ಆ ನಳಿಕೆ.”

ಶಾಲೆಗೆ ಸುದ್ದಿ ಹೋಯಿತು. ಮಂಜುಳಾಳ ತಾಯಿ, ನಮ್ಮ ಅಟೆಂಡರ್, ಹುಡುಗಿಯರ ಅಪ್ಪಂದಿರು, ಮೇಷ್ಟ್ರಿಗೆ ಬಾಡಿಗೆ ಕೊಟ್ಟಿದ್ದ ಮನೆಯ ಯಜಮಾನರು, ಎಲ್ಲರೂ ರಕ್ತ ಕೊಡಲು ತೋಳು ಮಡಿಸಿಕೊಂಡು ಬಂದರು. ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆಲ್ಲ ಜನ. ನಾನು ಒಳಗೆ ಹೋಗಿ, “ಎಷ್ಟೊಂದು ಜನ ಬಂದಿದಾರೆ ನೋಡಿ ಮೇಷ್ಟ್ರೇ” ಎಂದೆ.

“ಎಲ್ಲಾರೂ ಸಾಲಾಗಿ ನಿಂತಾರೇನ್ರಿ?” ಎಂದು ಕೇಳಿದರು. ಹೌದು ಎಂದೆ. ಕಣ್ಣಲ್ಲೇ ನಕ್ಕರು.

ಆಪರೇಷನ್ ಕೋಣೆಗೆ ಒಯ್ಯಲು ಮಂಚ ತಳ್ಳುತ್ತಿದ್ದ ಹಾಗೆಯೇ ಅದು ಬಂತು. ನಾನು ಅದನ್ನು ವರ್ಣಿಸಲಾರೆ. ಕಮಂಡಲ ನೋಡನೋಡುತ್ತಿದ್ದಂತೆ ತುಂಬಿತು ಎಂದಷ್ಟೇ ಹೇಳಬಲ್ಲೆ. ಸರ್ಜನ್ ಮಂಚದ ಜೊತೆಯಲ್ಲೇ ಓಡಿದರು. ಬಾಗಿಲು ಮುಚ್ಚಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಅದೇ ಬಾಗಿಲು ತೆರೆದು ಸರ್ಜನ್ ಹೊರಗೆ ಬಂದರು, ನೀಲಮ್ಮನ ಎದುರು ನೆಲದ ಮೇಲೆಯೇ ಕುಳಿತರು.

ನೀಲಮ್ಮ ಅಳಲಿಲ್ಲ. ಒಂದೇ ಮಾತು ಕೇಳಿದರು. “ಊರಿಗೆ ಒಯ್ಯಬೇಕ್ರಿ ಅವ್ರನ್ನ. ಆ ನಳಿಗಿ ತಗದು ಕೊಡ್ರಿ ಡಾಕ್ಟರ್ರ. ಅದರ ಜೋಡಿ ಹೋಗೂದು ಬ್ಯಾಡ.”

ನರ್ಸ್ ಮುಂದೆ ಬಂದಳು. ಸರ್ಜನ್ ಬೇಡ ಎಂದು ತಾವೇ ಎದ್ದರು. ನೀಲಮ್ಮ ನನ್ನ ಕೈ ಬಿಡದೆ ಒಳಗೆ ಹೋದದ್ದರಿಂದ ನಾನೂ ಅಲ್ಲಿದ್ದೆ. ನಳಿಕೆಯನ್ನು ಬಿಗಿದಿದ್ದ ದಾರವನ್ನು ಸರ್ಜನ್ ಕತ್ತರಿಸಿದರು. ಇನ್ನು ನೋಯುವ ಮೈ ಅಲ್ಲ ಅದು. ಆದರೂ ಎಚ್ಚರವಿರುವ ರೋಗಿಯಿಂದ ತೆಗೆಯುವ ಹಾಗೆಯೇ, ಒಂದು ಅಂಗೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದು ಮೆಲ್ಲ ಮೆಲ್ಲನೆ ಎಳೆದರು. ಆ ತೂತಿಗೆ ಹೊಲಿಗೆ ಹಾಕಿದರು. ಒರೆಸಿ, ಬಿಳಿ ಬಟ್ಟೆಯ ಸಣ್ಣ ತುಂಡಿಟ್ಟು ಅಂಟಿಸಿದರು. ನೀಲಮ್ಮ ಮನೆಯಿಂದ ತರಿಸಿದ್ದ ಶಾಲೆಯ ಟ್ರ್ಯಾಕ್ ಸೂಟಿನ ಅಂಗಿಯನ್ನು ತೊಡಿಸಿ ಜಿಪ್ ಎಳೆದರು.

ಊರಿಗೆ ಹೊರಡುವ ವ್ಯಾನ್ ಬಾಗಿಲಿಗೆ ಬಂದು ನಿಂತಿತ್ತು. ಸ್ಟ್ರೆಚರ್ ಒಳಗಿಟ್ಟು ಬಾಗಿಲು ಹಾಕಬೇಕು, ಅಷ್ಟರಲ್ಲಿ ನೀಲಮ್ಮ ತಡೆದರು.

“ಒಂದೀಟು ಬಲಕ್ಕ ಹೊರಳಸ್ರಿ ಅವ್ರನ್ನ,” ಎಂದರು. “ಅವ್ರು ಮಲಗೂದು ಆ ಮಗ್ಗಲಿಗೇರಿ. ನಳಿಗಿ ಹಾಕಿದ ಮ್ಯಾಲೆ ಒಮ್ಮಿನೂ ಮಲಗಾಕ ಆಗಿದ್ದಿಲ್ಲ.”

ಡ್ರೈವರ್ ಏನೂ ತಿಳಿಯದೆ ನಮ್ಮ ಮುಖ ನೋಡಿದ. ಸರ್ಜನ್ ವ್ಯಾನಿನೊಳಗೆ ಹತ್ತಿ ಮೇಷ್ಟ್ರ ಭುಜದ ಕೆಳಗೆ ಕೈ ಹಾಕಿದರು, ನಾನು ಮೊಣಕಾಲು ಹಿಡಿದೆ. ನಿಧಾನವಾಗಿ ಬಲಮಗ್ಗುಲಿಗೆ ಹೊರಳಿಸಿ, ಮತ್ತೆ ಅಂಗಾತವಾಗದ ಹಾಗೆ ಬೆನ್ನಿಗೆ ಒಂದು ದಿಂಬು ಒತ್ತರಿಸಿದೆವು.

“ಇಷ್ಟು ಸಾಕಾ ಅಮ್ಮಾ?” ಎಂದು ಕೇಳಿದರು ಸರ್ಜನ್.

ನೀಲಮ್ಮ ಬಗ್ಗಿ ಗಂಡನ ಮುಖ ನೋಡಿದರು.

“ಸಾಕ್ರಿ,” ಎಂದರು. “ಈಗ ಆರಾಮ ಮಲಗ್ಯಾರ.”